‘ವಾಪಸ್’ ಎಂಬ ಪದ ತೆಗೆದುಹಾಕಿದ್ದು: ಎರಡು ಹಳ್ಳಿಗಳ ನಡುವಿನ ಒಂದು ಪ್ರಯೋಗದ ಅನುಭವ

ನಾನು ಓದಿದ್ದು ಮನಶ್ಶಾಸ್ತ್ರ. ಪ್ರಯೋಗ ಮಾಡುವುದನ್ನು ಮತ್ತೊಮ್ಮೆ ಮೊದಲಿನಿಂದ ಕಲಿತದ್ದು ಅರ್ಥಶಾಸ್ತ್ರದ ಸಹೋದ್ಯೋಗಿಗಳ ಜೊತೆಯಲ್ಲಿ. 2023ರಲ್ಲಿ ತುಮಕೂರು ಜಿಲ್ಲೆಯ ಎರಡು ಹಳ್ಳಿಗಳಲ್ಲಿ, ಸ್ವಸಹಾಯ ಸಂಘಗಳ ಮಹಿಳೆಯರೊಂದಿಗೆ ನಾವು ನಡೆಸಿದ ಪ್ರಯೋಗದ ಮೂಲ ವಿನ್ಯಾಸ ಜಾಯ್ಸ್ ಬರ್ಗ್, ಜಾನ್ ಡಿಕಾಟ್ ಮತ್ತು ಕೆವಿನ್ ಮೆಕೇಬ್ ಅವರು 1995ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಒಬ್ಬರನ್ನೊಬ್ಬರು ಅರಿಯದ ಇಬ್ಬರಿಗೆ ತಲಾ 10 ಡಾಲರ್ ಕೊಡುತ್ತಾರೆ. ಮೊದಲನೆಯವರು ತಮ್ಮದರಲ್ಲಿ ಎಷ್ಟನ್ನು ಬೇಕಾದರೂ ಎರಡನೆಯವರಿಗೆ ಕಳುಹಿಸಬಹುದು. ಕಳುಹಿಸಿದ್ದು ಮೂರು ಪಟ್ಟಾಗಿ ತಲುಪುತ್ತದೆ. ಅದರಲ್ಲಿ ಮೊದಲನೆಯವರಿಗೆ ಎಷ್ಟು ಕೊಡಬೇಕೆಂಬುದು ಎರಡನೆಯವರ ಇಷ್ಟ. ಎಲ್ಲರೂ ಸ್ವಂತ ಲಾಭವನ್ನಷ್ಟೇ ನೋಡಿಕೊಂಡರೆ ಒಂದು ಡಾಲರ್ ಕೂಡ ಕೈ ದಾಟಬಾರದು. ಆದರೆ ಆ ಪ್ರಯೋಗದಲ್ಲಿ ಸರಾಸರಿ 5.16 ಡಾಲರ್ ಹೋಯಿತು, ಸರಾಸರಿ 4.66 ಡಾಲರ್ ಬಂತು.

ನಾವು ತಲಾ 100 ರೂಪಾಯಿಯನ್ನು ಹತ್ತರ ನೋಟುಗಳಲ್ಲಿ ಕೊಟ್ಟೆವು. ಬಂದು ಕೂತದ್ದಕ್ಕೆ ಬೇರೆ ಹಣವಿತ್ತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 316 ರೂಪಾಯಿ. ಎರಡು ಗಂಟೆಯ ಕೆಲಸಕ್ಕೆ ಈ ಮೊತ್ತ ಅವರ ದೃಷ್ಟಿಯಲ್ಲಿ ಹಗುರವಾಗಿರಲಿಲ್ಲ. ಹಗುರವಾಗಿರಬಾರದೆಂಬುದೇ ಉದ್ದೇಶ. ಪ್ರತಿಫಲವು ವ್ಯಕ್ತಿಯ ನಿರ್ಧಾರಕ್ಕೆ ತಕ್ಕಂತೆ ಏರಿಳಿಯಬೇಕು, ಮತ್ತು ಬೇಸರ ಅಥವಾ ಪ್ರಯೋಗ ನಡೆಸುವವರನ್ನು ಮೆಚ್ಚಿಸುವ ಆಸೆಯಂಥ ಇತರ ಪ್ರೇರಣೆಗಳನ್ನು ಮೀರುವಷ್ಟಿರಬೇಕು ಎಂಬ ಅರ್ಥಶಾಸ್ತ್ರಜ್ಞ ವರ್ನನ್ ಸ್ಮಿತ್ ಅವರ ವಾದದ ತಿರುಳು ಇದೇ. ವಿದ್ಯಾರ್ಥಿಗಳಿಗೆ ಹಾಜರಾತಿಯ ಅಂಕ ಕೊಟ್ಟು ಪ್ರಶ್ನಾವಳಿ ತುಂಬಿಸಿ ಅಭ್ಯಾಸವಾಗಿದ್ದ ನನಗೆ ಇದು ಮೊದಲ ಪಾಠವಾಗಿತ್ತು.

ಎರಡನೆಯ ಪಾಠವನ್ನು ಒಪ್ಪಿಕೊಳ್ಳಲು ಹೆಚ್ಚು ಸಮಯ ಹಿಡಿಯಿತು. ನನ್ನ ಮೊದಲ ಕರಡಿನಲ್ಲಿ ಎರಡನೆಯ ಹಳ್ಳಿಯೇ ಇರಲಿಲ್ಲ. ‘ನೀವು ಕಳುಹಿಸುವ ಹಣ ಇನ್ನೊಂದು ಊರಿನ ಒಬ್ಬ ಮಹಿಳೆಗೆ ಹೋಗುತ್ತದೆ’ ಎಂದು ಹೇಳಿ, ನಾವೇ ಮೊದಲೇ ನಿಗದಿಪಡಿಸಿದ ಮೊತ್ತವನ್ನು ಆಕೆಯ ಹೆಸರಿನಲ್ಲಿ ಕೊಡುವುದೆಂದು ಯೋಚಿಸಿದ್ದೆ. ಮನಶ್ಶಾಸ್ತ್ರದಲ್ಲಿ ಇದು ಅಪರೂಪವೇನಲ್ಲ. ಗುಂಪಿನ ಒತ್ತಡಕ್ಕೆ ವ್ಯಕ್ತಿ ಎಷ್ಟು ಮಣಿಯುತ್ತಾನೆಂದು ನೋಡಿದ ಸಾಲೊಮನ್ ಆಶ್ ಅವರ ಹೆಸರಾಂತ ಪ್ರಯೋಗದಲ್ಲಿ ಸುತ್ತ ಕೂತವರೆಲ್ಲ ಪ್ರಯೋಗಕಾರರ ಕಡೆಯವರೇ ಆಗಿದ್ದರು. ಅರ್ಥಶಾಸ್ತ್ರದ ಸಹೋದ್ಯೋಗಿ ಇದನ್ನು ಖಡಾಖಂಡಿತವಾಗಿ ನಿರಾಕರಿಸಿದರು. ಹೇಳಿದ್ದು ನಿಜವೆಂಬ ಭರವಸೆ ಇಲ್ಲದಿದ್ದರೆ ಹಣಕ್ಕೂ ನಿರ್ಧಾರಕ್ಕೂ ಇರುವ ನಂಟು ಕಡಿಯುತ್ತದೆ, ನಮ್ಮ ನಂತರ ಬರುವ ಸಂಶೋಧಕರ ಮಾತನ್ನೂ ಜನ ನಂಬುವುದಿಲ್ಲ ಎಂಬುದು ಅವರ ನಿಲುವು. ಸಂಘದ ಸದಸ್ಯರು ಸಂತೆಯಲ್ಲಿ, ಮದುವೆ ಮನೆಯಲ್ಲಿ ಮಾತನಾಡಿಕೊಳ್ಳುತ್ತಾರೆಂಬುದು ನನಗೂ ತಿಳಿದಿತ್ತು. ಕೊನೆಗೆ ನಿಜವಾದ ಜೋಡಿಗಳನ್ನೇ ಮಾಡಿದೆವು: ಮೊದಲ ದಿನ ಒಂದು ಊರು, ಮರುದಿನ ಇನ್ನೊಂದು, ಮೂರನೆಯ ದಿನ ಲಕೋಟೆಗಳೊಂದಿಗೆ ಮತ್ತೆ ಮೊದಲ ಊರು. ಖರ್ಚು ಹೆಚ್ಚಾಯಿತು, ಆದರೆ ಆ ಮೂರೂ ದಿನ ನಾನು ಹೇಳಿದ ಪ್ರತಿ ವಾಕ್ಯವೂ ನಿಜವಾಗಿತ್ತು.

ನಾನು ಅತ್ಯಂತ ಹೆಚ್ಚು ಕಲಿತದ್ದು ಸೂಚನೆಗಳ ಭಾಷೆಯಿಂದ. ಇಂಗ್ಲಿಷಿನಲ್ಲಿ ಬರೆದ ಸೂಚನೆಗಳನ್ನು ನಾನು ಕನ್ನಡಕ್ಕೆ ತಂದೆ; ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ಅನುವಾದಿಸಿದರು; ಎರಡೂ ಪ್ರತಿಗಳು ತಾಳೆಯಾದವು. ಆದರೆ ಬೇರೊಂದು ಊರಿನಲ್ಲಿ ಬೆರಳೆಣಿಕೆಯ ಜನರೊಂದಿಗೆ ನಡೆಸಿದ ಪೂರ್ವಪರೀಕ್ಷೆಯಲ್ಲಿ, ‘ನಿಮಗೆ ಬಂದ ಹಣದಲ್ಲಿ ಎಷ್ಟು ಬೇಕಾದರೂ ವಾಪಸ್ ಕೊಡಬಹುದು’ ಎಂದು ಓದಿದಾಗ ಹಿರಿಯ ಸದಸ್ಯೆಯೊಬ್ಬರು ಕೇಳಿದರು: “ವಾಪಸ್ ಅಂದ್ಮೇಲೆ ಅಸಲಾದ್ರೂ ಪೂರ್ತಿ ಕೊಡಬೇಕಲ್ವಾ ಮೇಡಂ? ಬಡ್ಡಿ ಎಷ್ಟು ಅಂತ ನೀವು ಹೇಳ್ಲಿಲ್ಲ.”

ವಾರವಾರವೂ ಸಂಘದ ಕಂತು ಕಟ್ಟುವವರಿಗೆ ‘ವಾಪಸ್ ಕೊಡುವುದು’ ಎಂದರೆ ಸಾಲ ತೀರಿಸುವುದು. ನಾನು ಅಳೆಯಹೊರಟದ್ದು ಯಾವ ಬಾಧ್ಯತೆಯೂ ಇಲ್ಲದಾಗ ಜನ ಏನು ಮಾಡುತ್ತಾರೆಂಬುದನ್ನು. ನನ್ನ ಕ್ರಿಯಾಪದವೇ ಆ ಬಾಧ್ಯತೆಯನ್ನು ಅವರ ಮುಂದಿಟ್ಟಿತ್ತು. ಮರು ಅನುವಾದದಲ್ಲಿ ಈ ದೋಷ ಸಿಕ್ಕುವಂತೆಯೇ ಇರಲಿಲ್ಲ, ಏಕೆಂದರೆ ಪದಶಃ ಅನುವಾದ ಸರಿಯಾಗಿಯೇ ಇತ್ತು. ‘ಹಿಂದಿರುಗಿಸು’ ಎಂಬುದೂ ಅಷ್ಟೇ ಎನಿಸಿತು. ಕೊನೆಗೆ ಎರಡೂ ಕಡೆಯವರಿಗೆ ‘ಕಳುಹಿಸು’ ಎಂಬ ಒಂದೇ ಪದ ಇಟ್ಟುಕೊಂಡೆವು. ಜೂಜಿನ ನೆನಪು ತರುತ್ತಿದ್ದ ‘ಆಟ’ ಎಂಬ ಪದವನ್ನೂ ಬಿಟ್ಟೆವು. ಹೆಸರೊಂದರಿಂದಲೇ ವರ್ತನೆ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಲೀಬರ್ಮನ್, ಸ್ಯಾಮ್ಯುಯೆಲ್ಸ್ ಮತ್ತು ರಾಸ್ ಅವರ 2004ರ ಅಧ್ಯಯನವಿದೆ. ಒಂದೇ ಆಟವನ್ನು ‘ವಾಲ್ ಸ್ಟ್ರೀಟ್ ಆಟ’ ಎಂದಾಗಿನದಕ್ಕಿಂತ ‘ಸಮುದಾಯದ ಆಟ’ ಎಂದಾಗ ಸಹಕಾರ ಸುಮಾರು ಎರಡು ಪಟ್ಟಾಗಿತ್ತು. ನಮ್ಮಲ್ಲಿ ಪದ ಬದಲಿಸಿದ್ದರಿಂದ ಮೊತ್ತ ಬದಲಾಯಿತೆಂದು ನಾನು ಹೇಳಲಾರೆ. ಹಾಗೆ ಹೇಳಬೇಕಾದರೆ ಸೂಚನೆಗಳ ಹಳೆಯ, ಹೊಸ ಎರಡೂ ರೂಪಗಳನ್ನು ಚೀಟಿ ಎತ್ತಿ ಹಂಚಿ, ಸಾಕಷ್ಟು ಜನರೊಂದಿಗೆ ಹೋಲಿಸಿ ನೋಡಬೇಕಿತ್ತು.

ಉದಾಹರಣೆಗಳಲ್ಲೂ ಇದೇ ಬಗೆಯ ಅಪಾಯವಿದೆ. ಮೂರು ಪಟ್ಟಾಗುವುದನ್ನು, ಹತ್ತರ ನೋಟಿಗೊಂದರಂತೆ ಹುಣಸೆ ಬೀಜ ಎಣಿಸಿ ತೋರಿಸುತ್ತಿದ್ದೆವು. ಪೂರ್ವಪರೀಕ್ಷೆಯಲ್ಲಿ ಪ್ರತಿ ಸಲ ಐದು ಬೀಜದ ಉದಾಹರಣೆಯನ್ನೇ ಕೊಟ್ಟೆವು. ಹಲವರು ಐವತ್ತು ರೂಪಾಯಿಯನ್ನೇ ಕಳುಹಿಸಿದರು. ಅದು ಅವರ ತೀರ್ಮಾನವೋ, ನಮ್ಮ ಉದಾಹರಣೆಯ ನಕಲೋ ತಿಳಿಯುವ ದಾರಿಯೇ ಉಳಿಯಲಿಲ್ಲ. ಮುಂದೆ ಸೊನ್ನೆ ಮತ್ತು ಹತ್ತು ಸೇರಿದಂತೆ ನಾಲ್ಕು ಉದಾಹರಣೆಗಳನ್ನು, ಪ್ರತಿ ಗುಂಪಿನಲ್ಲೂ ಕ್ರಮ ಬದಲಿಸಿ ಕೊಟ್ಟೆವು. ಆಮೇಲೆ ಪ್ರತಿಯೊಬ್ಬರೂ ಎರಡು ಲೆಕ್ಕಗಳನ್ನು ಸ್ವತಃ ಮಾಡಿ ತೋರಿಸಿದ ನಂತರವೇ ಮುಂದಿನ ಹಂತಕ್ಕೆ ಹೋದೆವು.

ಲಕೋಟೆಯ ದಪ್ಪವೂ ಗುಟ್ಟು ಬಿಟ್ಟುಕೊಡುತ್ತದೆ. ಎಲಿಜಬೆತ್ ಹಾಫ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಮಾಡಿದ್ದಂತೆ, ನೋಟಿನಷ್ಟೇ ಅಳತೆಯ ಖಾಲಿ ಕಾಗದಗಳನ್ನು ನಾವೂ ಕತ್ತರಿಸಿಕೊಂಡೆವು. ತೆಗೆದ ಪ್ರತಿ ನೋಟಿನ ಜಾಗಕ್ಕೆ ಒಂದು ಕಾಗದ. ಲಕೋಟೆಯ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಮೂರನೆಯ ದಿನ ಹಂಚಿದಾಗ ಯಾರದ್ದರಲ್ಲಿ ಕಾಗದ ಮಾತ್ರ ಇದೆಯೆಂದು ಕೊಟ್ಟ ನನಗೂ ತಿಳಿಯುವಂತಿರಲಿಲ್ಲ.

ಈಗ ಪ್ರಬಂಧ ಕಳುಹಿಸುವಾಗ ಅನುಬಂಧದಲ್ಲಿ ಇಂಗ್ಲಿಷ್ ಸೂಚನೆಗಳ ಜೊತೆಗೆ ಓದಿ ಹೇಳಿದ ಕನ್ನಡ ಸೂಚನೆಗಳನ್ನೂ ಸೇರಿಸುತ್ತೇನೆ, ‘ವಾಪಸ್’ ಇದ್ದ ಹಳೆಯ ಕರಡನ್ನೂ ಅದರ ಕೆಳಗೆ ಆ ಹಿರಿಯರು ಕೇಳಿದ ಪ್ರಶ್ನೆಯನ್ನೂ ಇಡುತ್ತೇನೆ.