ಪ್ಯಾರಾಸಿಟಮಾಲ್‌ಗೆ ಟಿಎಲ್‌ಸಿ: ಔಷಧಾಲಯದ ಮೇಜಿನ ಮೇಲೇ ಆಯಿತು

ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯದ ಯಂತ್ರ ಇಲ್ಲದೆ ಮಾತ್ರೆಯಲ್ಲಿ ಔಷಧ ಕಡಿಮೆಯಿದೆ ಎಂದು ಹೇಳಲಾಗದು ಅನ್ನುತ್ತಿದ್ದ ಫಾರ್ಮಸಿಸ್ಟ್ ಮಿತ್ರರಿಗೆ ಈಗ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟನ್ನೇ, ಅಂದರೆ ಸಿಲಿಕಾ ಬಳಿದ ಹಾಳೆಯನ್ನೇ, ತೋರಿಸುತ್ತೇನೆ. ಬೇಕೆಂದೇ 75 ಪ್ರತಿಶತಕ್ಕೆ ಇಳಿಸಿದ ದ್ರಾವಣವನ್ನು ಹತ್ತಕ್ಕೆ ಒಂಬತ್ತು ಸಲ ಹಿಡಿದಿದ್ದೇನೆ. ಮೂಲ ಉಪಾಯ ಔಷಧ ಪರೀಕ್ಷಿಸುವ ಜರ್ಮನಿಯ ಮಿನಿಲ್ಯಾಬ್ ಪೆಟ್ಟಿಗೆಯದು: ಒಂದೇ ಪ್ಲೇಟಿನಲ್ಲಿ ಒಂದು ಪಕ್ಕ 100, ಇನ್ನೊಂದು ಪಕ್ಕ 80 ಪ್ರತಿಶತದ ಸ್ಟ್ಯಾಂಡರ್ಡ್ (ಹೋಲಿಕೆಗೆ ಶುದ್ಧ ಔಷಧದ ದ್ರಾವಣ), ನಡುವೆ ಮಾತ್ರೆಯ ದ್ರಾವಣ.

500 ಮಿಗ್ರಾಂ ಮಾತ್ರೆಯನ್ನು ಪುಡಿ ಮಾಡಿ, 50 ಮಿಲೀ ಮೆಥನಾಲ್‌ನಲ್ಲಿ ಚೆನ್ನಾಗಿ ಕುಲುಕಿ. ಸ್ಟಾರ್ಚ್ ತಳಕ್ಕೆ ಕೂರುವ ತನಕ ಕಾಯಿರಿ, ಇಲ್ಲದಿದ್ದರೆ ಪ್ಲೇಟಿನ ಮೇಲೆ ಮಚ್ಚೆ ಇಡುವ ಸಣ್ಣ ಕೊಳವೆ (ಕ್ಯಾಪಿಲರಿ) ಕಟ್ಟಿಕೊಳ್ಳುತ್ತದೆ. ಮೇಲಿನ ತಿಳಿಯಿಂದ 1 ಮಿಲೀ ತೆಗೆದು 10 ಮಿಲೀ ಮಾಡಿಕೊಳ್ಳಿ. ಮೊದಲ ಹದಿನೈದಿಪ್ಪತ್ತು ಪ್ಲೇಟು ಹಾಳಾದದ್ದು ಈ ಕೊನೆಯ ಹೆಜ್ಜೆ ಬಿಟ್ಟದ್ದಕ್ಕೇ. ಗಟ್ಟಿ ದ್ರಾವಣ ಇಟ್ಟರೆ 254 ನ್ಯಾನೊಮೀಟರ್ ನೇರಳಾತೀತ ದೀಪದಡಿ ಎಲ್ಲ ಮಚ್ಚೆಯೂ ಒಂದೇ ಕಪ್ಪು; 80 ಯಾವುದು, 100 ಯಾವುದು ಗೊತ್ತಾಗದು. ಮಿಲೀಗೆ 1 ಮಿಗ್ರಾಂಗೆ ಇಳಿಸಿ 2 ಮೈಕ್ರೋಲೀಟರ್ ಇಟ್ಟ ದಿನ ವ್ಯತ್ಯಾಸ ಎದ್ದು ಕಂಡಿತು. ಮಚ್ಚೆಗಳ ಗಾತ್ರ ಒಂದೇ ಬರುವಂತೆ ಇಡುವ ಕೈಚಳಕ ಒಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪ್ಲೇಟು ಓಡಿಸಲು, ಅಂದರೆ ದ್ರಾವಕ ಏರುತ್ತ ಮಚ್ಚೆಗಳನ್ನು ಮೇಲಕ್ಕೆ ಒಯ್ಯಲು, ಈಥೈಲ್ ಅಸಿಟೇಟ್ 99 ಭಾಗ, ಅಸಿಟಿಕ್ ಆಮ್ಲ 1 ಭಾಗ. ಜಾಡಿಯ ಒಳಗೋಡೆಗೆ ಫಿಲ್ಟರ್ ಪೇಪರ್ ಹಚ್ಚಿ ಆವಿ ತುಂಬಲು ಬಿಡದಿದ್ದರೆ ಅಂಚಿನ ಮಚ್ಚೆಗಳು ಮುಂದೆ ಓಡುತ್ತವೆ. ಮಳೆಗಾಲದಲ್ಲಿ ಸಿಲಿಕಾ ತೇವ ಹೀರಿ ಎಲ್ಲವೂ ಮೇಲಕ್ಕೆ ಜಾರುತ್ತದೆ. ಅದಕ್ಕೇ ಪ್ಲೇಟನ್ನು ಮೊದಲೇ 105 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ) ತಣಿಸಿ. ಕೆಫೀನ್ ಬೆರೆತ ಮಾತ್ರೆಯನ್ನೂ ಓಡಿಸಿ ನೋಡಿದೆ: ಪ್ಯಾರಾಸಿಟಮಾಲ್ ನಡುವಿನ ತನಕ ಏರಿದರೆ ಕೆಫೀನ್ ಬುಡದ ಹತ್ತಿರವೇ ಉಳಿಯುತ್ತದೆ. ಚೆನ್ನಾಗಿ ಬೇರ್ಪಟ್ಟಿತು.

ಸಿಲಿಕಾ ಬಳಿದ 20×20 ಸೆಂಮೀ ಅಲ್ಯೂಮಿನಿಯಂ ಹಾಳೆ 25ರ ಡಬ್ಬಿಗೆ ಹತ್ತು ಸಾವಿರದ ಆಸುಪಾಸು ಕೊಟ್ಟ ನೆನಪು. 5×10ಕ್ಕೆ ಕತ್ತರಿಸಿದರೆ 200 ಪ್ಲೇಟು, ತಲಾ 50 ರೂಪಾಯಿ. ಕತ್ತರಿ ಮೊಂಡಾಗಿದ್ದರೆ ಅಂಚಿನ ಸಿಲಿಕಾ ಉದುರಿ ದ್ರಾವಕ ಓರೆಯಾಗಿ ಏರುತ್ತದೆ. ಸ್ಟ್ಯಾಂಡರ್ಡ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಗಾಜಿಯಾಬಾದಿನ ಫಾರ್ಮಕೊಪಿಯಾ ಆಯೋಗದ್ದೇ ತರಿಸಿ.

ಸಿರಪ್‌ಗೆ ಇದನ್ನು ನಂಬಲೇಬೇಡಿ. 1986ರಲ್ಲಿ ಮುಂಬಯಿಯಲ್ಲಿ 14 ರೋಗಿಗಳ ಜೀವ ತೆಗೆದ ಗ್ಲಿಸರಿನ್‌ನಲ್ಲಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಈ ದೀಪಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಬೇರೆ ದ್ರಾವಕ, ಬಣ್ಣ ಬರಿಸುವ ಸ್ಪ್ರೇ ಎರಡೂ ಬೇಕು. ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೋ ಇಲ್ಲವೋ ಅನ್ನುವುದನ್ನೂ ಪ್ಲೇಟು ಹೇಳದು.

ಮಚ್ಚೆ 80ಕ್ಕಿಂತ ತೆಳುವಾದರೆ ಹೊಸದಾಗಿ ತೂಗಿ ಇನ್ನೆರಡು ಸಲ ಓಡಿಸುತ್ತೇನೆ. ಆಗಲೂ ತೆಳುವಾದರೆ ಆ ಬ್ಯಾಚನ್ನು ಕಪಾಟಿನಿಂದ ಇಳಿಸಿ, ಬಿಲ್ಲು ಸಮೇತ ಡ್ರಗ್ಸ್ ಇನ್‌ಸ್ಪೆಕ್ಟರಿಗೆ ತಿಳಿಸುತ್ತೇನೆ. ಕೊಂಡವರೂ 1940ರ ಔಷಧ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು.