ಶುಕ್ರವಾರದ ಚುಕ್ಕೆಗಳು

ಬೆಂಗಳೂರಿನಲ್ಲಿ ಬೆಳೆದು ಈಗ ಇಸ್ರೇಲಿನ ಅಶ್ದೋದ್‌ನಲ್ಲಿ ನೆಲೆಸಿರುವ ಯೆಹೂದಿ ಗೃಹಿಣಿಯಾದ ನಾನು, ನಾಲ್ಕು ವರ್ಷಗಳಿಂದ ಮುಸ್ಸಾರ್ ಎಂಬ ಶೀಲಸಾಧನೆಯನ್ನು ನಡೆಸಿಕೊಂಡು ಬಂದಿದ್ದೇನೆ. ಮೆನಾಹೆಮ್ ಮೆಂಡೆಲ್ ಲೆಫಿನ್ 1808ರಲ್ಲಿ ಪ್ರಕಟಿಸಿದ ‘ಹೆಷ್ಬೋನ್ ಹನೆಫೆಶ್’, ಅಂದರೆ ಆತ್ಮದ ಲೆಕ್ಕ, ಎಂಬ ಗ್ರಂಥದ ಕ್ರಮವೇ ನನ್ನದು. 13 ಗುಣಗಳನ್ನು ವಾರಕ್ಕೊಂದರಂತೆ ಹಿಡಿದು ವರ್ಷಕ್ಕೆ ನಾಲ್ಕು ಸುತ್ತು ಮುಗಿಸಬೇಕು. ಆ ಗುಣದಲ್ಲಿ ಎಡವಿದಾಗಲೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಚೌಕದೊಳಗೆ ಒಂದು ಚುಕ್ಕೆಯಿಡಬೇಕು.

ಮೊದಲ ವರ್ಷ ಇದು ನನ್ನೊಬ್ಬಳ ಲೆಕ್ಕವೆಂದೇ ನಂಬಿದ್ದೆ. ಆದರೆ ತಾಳ್ಮೆಯ ವಾರ ಬಂದಾಗಲೆಲ್ಲ ಚುಕ್ಕೆಗಳು ಶುಕ್ರವಾರದ ಚೌಕದಲ್ಲಿಯೇ ಗುಂಪುಗೂಡುತ್ತಿದ್ದವು. ಶಬ್ಬಾತ್, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿದಿನ, ಶುಕ್ರವಾರ ಸಂಜೆಗೇ ಶುರುವಾಗುವುದರಿಂದ ಸೂರ್ಯ ಮುಳುಗುವ ಮುನ್ನ ಅಡುಗೆ ಮುಗಿದು ಶಬ್ಬಾತ್ ದೀಪ ಹೊತ್ತಬೇಕು. ಎಲ್ಲವೂ ಲೋಪವಿಲ್ಲದೆ ನಡೆಯಬೇಕೆಂಬ ನನ್ನ ಹಟಕ್ಕೆ ಮಕ್ಕಳು ಬೈಗುಳ ತಿನ್ನುತ್ತಿದ್ದರು, ಮನೆಗೆಲಸಕ್ಕೆ ಬರುವ ಮಹಿಳೆ ಕಡೆಯ ಗಳಿಗೆಯವರೆಗೂ ಪಾತ್ರೆ ತಿಕ್ಕುತ್ತಿದ್ದರು.

19ನೇ ಶತಮಾನದ ಲಿಥುವೇನಿಯಾದಲ್ಲಿ ಮುಸ್ಸಾರ್ ಚಳವಳಿಯನ್ನು ಕಟ್ಟಿದ ರಬ್ಬಿ (ಯೆಹೂದಿ ಧರ್ಮಗುರು) ಇಸ್ರೇಲ್ ಸಲಾಂಟರ್ ಅವರ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಊಟಕ್ಕೆ ಮುನ್ನ ಕೈತೊಳೆಯುವ ವಿಧಿಗೆ ಅವರು ತೀರ ಸ್ವಲ್ಪ ನೀರನ್ನು ಬಳಸಿದರಂತೆ. ಆ ನೀರನ್ನು ದೂರದಿಂದ ಹೊತ್ತು ತರುತ್ತಿದ್ದವಳು ಕೆಲಸದ ಹುಡುಗಿ, ತಮ್ಮ ಪುಣ್ಯದ ಭಾರ ಅವಳ ಹೆಗಲಿಗೆ ಬೀಳಬಾರದು ಎಂದರಂತೆ. ಎಷ್ಟೋ ಬಾರಿ ಕೇಳಿದ್ದ ಈ ಕಥೆ ನನಗೆ ನಾಟಿದ್ದು ಆ ಚುಕ್ಕೆಗಳನ್ನು ಎದುರಿಗಿಟ್ಟುಕೊಂಡು ಕುಳಿತ ರಾತ್ರಿಯೇ. ನಮ್ಮ ಮನೆಗೆ ಬರುವ ಆಕೆಯೂ ಯೆಹೂದಿ. ನನ್ನ ದೀಪಕ್ಕಾಗಿ ಅವರ ದೀಪದ ಹೊತ್ತನ್ನು ನಾನು ಕಸಿಯುತ್ತಿದ್ದೆ.

ಆಮೇಲೆ ಮಾಡಿದ ಬದಲಾವಣೆ ಚಿಕ್ಕದು. ಅಡುಗೆಯನ್ನು ಗುರುವಾರ ರಾತ್ರಿಗೆ ಸರಿಸಿದೆ, ಎರಡು ಬಗೆಯ ತಿನಿಸನ್ನು ಕೈಬಿಟ್ಟೆ, ಕಡೆಯ ಒಂದು ತಾಸಿನಲ್ಲಿ ಯಾರಿಗೂ ಕೆಲಸ ಹೇಳುವುದಿಲ್ಲವೆಂದು ಕಟ್ಟುಮಾಡಿಕೊಂಡೆ.

ಮನುಷ್ಯನು ತನ್ನನ್ನೂ ಇಡೀ ಲೋಕವನ್ನೂ ಅರ್ಧ ಪುಣ್ಯ, ಅರ್ಧ ಪಾಪವೆಂದು ಭಾವಿಸಬೇಕು, ಅವನ ಒಂದೇ ಕೃತ್ಯ ಎರಡರ ತಕ್ಕಡಿಯನ್ನೂ ವಾಲಿಸುತ್ತದೆ ಎಂಬ ವಿಚಾರ ಯೆಹೂದಿ ಧರ್ಮಶಾಸ್ತ್ರದ ಪ್ರಾಚೀನ ಗ್ರಂಥವಾದ ತಾಲ್ಮೂದಿನ ಕಿದ್ದುಶಿನ್ ಭಾಗದಲ್ಲಿದೆ. 12ನೇ ಶತಮಾನದ ಯೆಹೂದಿ ಧರ್ಮಪಂಡಿತ ಮೈಮೊನಿಡೀಸ್ ಅದನ್ನು ಪಶ್ಚಾತ್ತಾಪದ ನಿಯಮಗಳಲ್ಲಿ ಸೇರಿಸಿದರು. ಅದು ಮಹಾತ್ಮರಿಗಷ್ಟೇ ಅನ್ವಯಿಸುವ ಮಾತೆಂದು ನಾನು ತಿಳಿದಿದ್ದೆ.

ಈಗ ಮನೆಗೆಲಸದ ಆಕೆ ಶುಕ್ರವಾರ ನಡುಹಗಲಿಗೇ ಹೊರಡುತ್ತಾರೆ. ಶಬ್ಬಾತ್ ಊಟದ ಹಲ್ಲಾ ರೊಟ್ಟಿಯ ಹಿಟ್ಟನ್ನು ಮಗಳ ಜೊತೆ ಮನೆಯಲ್ಲೇ ನಾದುತ್ತಿರುವುದಾಗಿ ಕಳೆದ ತಿಂಗಳು ಹೇಳಿದರು.