ಡಿಕ್ಕಿ ದೀಪ ಉರಿಯದಿದ್ದರೆ, ಆರದಿದ್ದರೆ

ಸಂಜೆ ಪೆರ್ಲ ಪೇಟೆಯಿಂದ ಸಾಮಾನು ತಂದು ಅಂಗಳದಲ್ಲಿ ಕಾರಿನ ಡಿಕ್ಕಿ ತೆರೆದಾಗ ಒಳಗೆ ಕತ್ತಲಿದ್ದರೆ ಹೆಚ್ಚಿನವರು ಮೊಬೈಲ್ ಬೆಳಕಿನಲ್ಲಿ ಕೆಲಸ ಮುಗಿಸುತ್ತಾರೆ. ಆದರೆ ಡಿಕ್ಕಿ ಮುಚ್ಚಿದ ಮೇಲೂ ದೀಪ ಉರಿಯುತ್ತಿದ್ದರೆ ಅದನ್ನು ಹಾಗೆ ಬಿಡುವಂತಿಲ್ಲ. 5 ವ್ಯಾಟಿನ ಬಲ್ಬ್ ಒಂದು ದಿನದಲ್ಲಿ ಸುಮಾರು 10 ಆಂಪಿಯರ್-ಅವರ್ ಹೀರುತ್ತದೆ. 35 ಆಂಪಿಯರ್-ಅವರ್‌ನ ಬ್ಯಾಟರಿ ಎರಡು ಮೂರು ದಿನಗಳಲ್ಲಿ ಸೋತುಹೋಗುತ್ತದೆ.

ದೀಪ ಉರಿಯದಿದ್ದರೆ ಮೊದಲು ಬಲ್ಬ್ ಮತ್ತು ಫ್ಯೂಸ್ ನೋಡಿ. ಅವೆರಡೂ ಸರಿಯಿದ್ದರೆ ಸ್ವಿಚ್ ಹುಡುಕಬೇಕು. ಹಳೆಯ ಕಾರುಗಳಲ್ಲಿ ಡಿಕ್ಕಿಯ ಬಾಗಿಲು ಕೂರುವ ಅಂಚಿನಲ್ಲಿ ರಬ್ಬರ್ ಟೋಪಿ ಹಾಕಿದ ಪುಟ್ಟ ಗುಂಡಿಯಿರುತ್ತದೆ. ಬೆರಳಿನಿಂದ ಒತ್ತಿದರೆ ದೀಪ ಆರಬೇಕು, ಬಿಟ್ಟರೆ ಉರಿಯಬೇಕು. ಹೊಸ ಕಾರುಗಳಲ್ಲಿ ಸ್ವಿಚ್ ಸಾಮಾನ್ಯವಾಗಿ ಲಾಕಿನೊಳಗೇ ಅಡಗಿರುತ್ತದೆ. ಬಾಗಿಲು ತೆರೆದಿಟ್ಟುಕೊಂಡು ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ‘ಟಕ್’ ಎನ್ನುವವರೆಗೆ ತಳ್ಳಿ, ದೀಪ ಆರುತ್ತದೆಯೇ ನೋಡಿ. ಬಾಗಿಲು ಮುಚ್ಚುವ ಮೊದಲು ಕೊಕ್ಕೆಯನ್ನು ಮತ್ತೆ ಬಿಡಿಸಲು ಮರೆಯಬೇಡಿ. ಮರೆತು ಬಾಗಿಲು ಬಡಿದರೆ ಲಾಕೇ ಹಾಳಾಗುತ್ತದೆ.

ಗುಂಡಿಯ ಸ್ವಿಚ್ ಕೆಡಲು ನಮ್ಮ ಕಡೆ ದೊಡ್ಡ ಕಾರಣ ತುಕ್ಕು. ಮಂಜೇಶ್ವರದಿಂದ ಬೇಕಲದವರೆಗೆ ಕಡಲಿನ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಒಂದೇ ವಯರಿನ ಸ್ವಿಚ್ಚಿಗೆ ಅರ್ತ್ (ಕಾರಿನ ಲೋಹದ ಮೈಯ ಸಂಪರ್ಕ) ಸಿಗುವುದು ಅದನ್ನು ಹಿಡಿದಿರುವ ಸ್ಕ್ರೂವಿನಿಂದ. ಅಲ್ಲಿ ಕೆಂಪು ಪುಡಿ ಕಂಡರೆ ಸ್ಕ್ರೂ ಕಳಚಿ, ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಿರಿ. ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ. ಕಳಚುವಾಗ ವಯರಿಗೊಂದು ದಾರ ಕಟ್ಟಿಕೊಳ್ಳಿ, ತೂತಿನೊಳಗೆ ಜಾರಿದರೆ ಮರಳಿ ಎಳೆಯುವುದು ಕಷ್ಟ.

ಇಷ್ಟಾದರೂ ಉರಿಯದಿದ್ದರೆ ಆ ವಯರಿನ ತುದಿಯನ್ನು ಕಾರಿನ ಬರಿಯ ಲೋಹಕ್ಕೆ ತಾಗಿಸಿ. ಉರಿದರೆ ಸ್ವಿಚ್ ಬದಲಿಸಬೇಕು. ಎರಡು ವಯರಿನ ಸ್ವಿಚ್ಚಿಗೆ ಹೀಗೆ ಮಾಡಲೇಬೇಡಿ, ಫ್ಯೂಸ್ ಹೋಗಬಹುದು. ಅದನ್ನು ಕಳಚಿ, ಮಲ್ಟಿಮೀಟರನ್ನು ಬೀಪ್‌ಗೆ (ಸಂಪರ್ಕವಿದ್ದರೆ ಸದ್ದು ಮಾಡುವಂತೆ) ಇಟ್ಟು ಪರೀಕ್ಷಿಸಿ. ಸ್ವಿಚ್ ಸರಿಯಿದ್ದೂ ದೀಪ ಬಾರದಿದ್ದರೆ ಡಿಕ್ಕಿ ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆ ನೋಡಿ. ತೆರೆದು ಮುಚ್ಚಿ ಒಳಗಿನ ವಯರ್ ತುಂಡಾಗಿರುವುದುಂಟು.

ದೀಪ ಆರುತ್ತಿಲ್ಲವೆಂಬ ಅನುಮಾನವಿದ್ದರೆ ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಒಂದು ನಿಮಿಷ ಮುಚ್ಚಿ. ಮುಳ್ಳೇರಿಯದ ನಮ್ಮ ನೆಂಟರೊಬ್ಬರು ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದರು, ಮೂರನೆಯ ದಿನ ಅದೂ ಕೈಕೊಟ್ಟಿತು. ಅಡಿಕೆ ಗೋಣಿಯ ಸೆಣಬಿನ ಎಳೆಯೊಂದು ಲಾಕಿನ ಕೊಕ್ಕೆಗೆ ಸುತ್ತಿಕೊಂಡಿತ್ತು. ಹಾಗಾಗಿ ಕೊಕ್ಕೆ ಪೂರ್ತಿ ತಿರುಗದೆ, ಬಾಗಿಲು ಮುಚ್ಚಿದಂತೆ ಕಂಡರೂ ಸ್ವಿಚ್ಚಿಗೆ ತೆರೆದೇ ಇತ್ತು. ಚಿಮಟದಿಂದ ಎಳೆ ಕಿತ್ತದ್ದೇ ದೀಪ ಆರಿತು.